ಬೇಟೆಯಲ್ಲಿ ದೂರದ ಈಡು: ನೀತಿ ಮತ್ತು ಕಾನೂನು

ಆಯುಧದ ಶಕ್ತಿ, ಬೇಟೆಗಾರನ ಅಭ್ಯಾಸ, ಆ ಹೊತ್ತಿನ ಗಾಳಿ ಬೆಳಕು ಇವೆಲ್ಲ ಸೇರಿ ಖಾತರಿ ಕೊಡಬಲ್ಲ ಅಂತರವನ್ನು ಮೀರಿ ಕಾಡುಪ್ರಾಣಿಯ ಮೇಲೆ ಹಾರಿಸಿದ ಗುಂಡು ಅಥವಾ ಬಾಣವೇ ದೂರದ ಈಡು. ಇಂಥ ಈಡು ತಗುಲಿ ಪ್ರಾಣಿ ಬಿದ್ದರೆ ಹೊಗಳಿಕೆ ಸಿಗುತ್ತದೆ. ಪೂರ್ತಿ ತಪ್ಪಿದರೆ ನಷ್ಟ ಒಂದು ತೋಟಾ ಮಾತ್ರ. ಇವೆರಡರ ನಡುವೆ ಗುಂಡು ತಗುಲಿಯೂ ಪ್ರಾಣಿ ಸಾಯದೆ ಓಡಿಹೋಗುವ ಸಾಧ್ಯತೆಯೊಂದಿದೆ; ದೂರದ ಈಡಿನ ಕುರಿತ ನೈತಿಕ ಚರ್ಚೆಯೆಲ್ಲ ಹುಟ್ಟಿದ್ದು ಅಲ್ಲಿ. ಬೇಟೆಗೆ ಅನುಮತಿಯಿರುವ ದೇಶಗಳ ಕಾನೂನುಗಳು ಸಾಮಾನ್ಯವಾಗಿ ಅಂತರಕ್ಕೆ ನೇರ ಮಿತಿ ಹಾಕುವುದಿಲ್ಲ. ಕೋವಿಯ ಅಳತೆ, ಗುಂಡಿನ ಶಕ್ತಿ, ಬೇಟೆಯ ಹೊತ್ತು, ಸ್ಥಳ, ಗಾಯಗೊಂಡ ಪ್ರಾಣಿಯನ್ನು ಹುಡುಕುವ ಹೊಣೆ ಇವನ್ನು ನಿಯಮಕ್ಕೆ ಒಳಪಡಿಸಿ, ಕುದುರೆ ಎಳೆಯುವ ತೀರ್ಮಾನವನ್ನು ಬೇಟೆಗಾರನ ವಿವೇಕಕ್ಕೆ ಬಿಡುತ್ತವೆ. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯನ್ನೇ ನಿಷೇಧಿಸಿರುವುದರಿಂದ ಇದೇ ಪ್ರಶ್ನೆ ಇಲ್ಲಿ ಬೇರೆ ರೂಪ ತಾಳಿದೆ.

ದೂರದ ಅಳತೆ

ಎಷ್ಟು ಮೀಟರು ದಾಟಿದರೆ ದೂರ ಎನ್ನುವುದಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆಯಿಲ್ಲ. ಬಿಲ್ಲಿಗೆ 40 ಮೀಟರು ದೂರವೇ ಸರಿ. ಚರೆ ತುಂಬಿದ ತೋಟಾ ಕೋವಿಯಿಂದ ಹಾರುವ ಬಾತನ್ನು ಹೊಡೆಯಲು 35-40 ಮೀಟರು ಕೊನೆಯ ಮಿತಿ. ಅದರಾಚೆ ಚರೆ ಚದುರಿ, ಪ್ರತಿ ಕಾಳೂ ಬಲ ಕಳೆದುಕೊಳ್ಳುತ್ತದೆ. ದುರ್ಬೀನು ಕೂರಿಸಿದ ರೈಫಲ್ಲಿಗೆ 200 ಮೀಟರು ಸಾಮಾನ್ಯ, 300 ಮೀಟರು ಅಭ್ಯಾಸವಿದ್ದವರಿಗೆ ಮಾತ್ರ, 500 ದಾಟಿದರೆ ಹೆಚ್ಚಿನವರ ದೃಷ್ಟಿಯಲ್ಲಿ ದೂರ. ಅಮೆರಿಕದಲ್ಲಿ 900 ಮೀಟರಿನಾಚೆ ಪ್ರಾಣಿಗಳನ್ನು ಹೊಡೆದು ತೋರಿಸುವವರೂ ಇದ್ದಾರೆ.

ಈ ಸಮಸ್ಯೆ ಬಯಲು ನೆಲದ್ದು. ಅಮೆರಿಕದ ಪಶ್ಚಿಮ ರಾಜ್ಯಗಳು, ಸ್ಕಾಟ್ಲೆಂಡಿನ ಬೋಳುಗುಡ್ಡಗಳು, ಆಲ್ಪ್ಸ್ ಪರ್ವತದ ಇಳಿಜಾರು, ನ್ಯೂಜಿಲೆಂಡಿನ ದಕ್ಷಿಣ ದ್ವೀಪ, ಆಫ್ರಿಕದ ಹುಲ್ಲುಗಾವಲು ಇಂಥ ಕಡೆ ಪ್ರಾಣಿ ಬಹುದೂರದಿಂದ ಕಣ್ಣಿಗೆ ಬೀಳುತ್ತದೆ, ಹತ್ತಿರ ಹೋಗಲು ಮರೆ ಸಿಗುವುದಿಲ್ಲ. ಮಲೆನಾಡಿನಲ್ಲಿ ಮರಸು ಕೂತು ಹೊಡೆಯುತ್ತಿದ್ದವರಿಗೂ ಪ್ರಾಣಿಯನ್ನು ಅಟ್ಟಿ ತರುವ ಸೋವಿನ ಬೇಟೆಯಲ್ಲಿ ಕಂಡಿಗೆ ನಿಲ್ಲುತ್ತಿದ್ದವರಿಗೂ ಹಳುವಿನ ದೆಸೆಯಿಂದ ಕೆಲವು ಹತ್ತು ಮೀಟರಿನಾಚೆ ಏನೂ ಕಾಣುತ್ತಿರಲಿಲ್ಲ. ಹಾಗೆಂದು ಹತ್ತಿರದ ಈಡೆಲ್ಲ ಸುರಕ್ಷಿತವಲ್ಲ. ಓಡುತ್ತಿರುವ ಪ್ರಾಣಿ, ಅಡ್ಡ ಬಂದ ಪೊದೆ, ಮಸುಕು ಬೆಳಕು, ಬೆನ್ನು ತಿರುಗಿಸಿ ನಿಂತ ಮಿಗ ಇವೂ ಅಂತರದಷ್ಟೇ ಅಪಾಯಕಾರಿ. ಆದ್ದರಿಂದ ಬೇಟೆಯ ನೀತಿಯನ್ನು ಕುರಿತು ಬರೆದವರು ಅಂತರವನ್ನು ಬಿಡಿಯಾಗಿ ನೋಡದೆ, ಅನಿಶ್ಚಿತತೆಯನ್ನು ಹೆಚ್ಚಿಸುವ ಹಲವು ಕಾರಣಗಳಲ್ಲಿ ಒಂದಾಗಿ ಎಣಿಸುತ್ತಾರೆ.

ಹಿನ್ನೆಲೆ

ಖಚಿತವಿಲ್ಲದ ಗುರಿಗೆ ಬಾಣ ಬಿಟ್ಟವನ ದುರಂತ ಭಾರತೀಯ ಪುರಾಣಗಳಿಗೆ ಹೊಸದಲ್ಲ. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ದಶರಥ ಬಿಟ್ಟ ಶಬ್ದವೇಧಿ ಬಾಣ ಮುನಿಕುಮಾರನನ್ನು ಕೊಂದಿತು. ಮಲಗಿದ್ದ ಕೃಷ್ಣನ ಪಾದವನ್ನು ಜರನೆಂಬ ಬೇಡ ಜಿಂಕೆಯೆಂದು ತಿಳಿದು ಬಾಣ ಬಿಟ್ಟ. ಕೂಡಿದ್ದ ಜಿಂಕೆಗಳಿಗೆ ಹೊಡೆದ ಪಾಂಡು ಶಾಪಗ್ರಸ್ತನಾದ. ಮೂರೂ ಕಥೆಗಳಲ್ಲಿ ಬಿಲ್ಲುಗಾರಿಕೆಗೆ ಕೊರತೆಯಿಲ್ಲ, ಎಡವಿದ್ದು ವಿವೇಚನೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿಗೆ ಬೇಟೆಯೂ ಸೇರಿದೆ, ಅಡಗಿ ಕೂರುವುದು, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಸೆಳೆಯುವುದು ಮುಂತಾಗಿ ಪ್ರಾಣಿಯ ಹತ್ತಿರ ಸೇರುವ ಉಪಾಯಗಳಿಗೆ ಅಲ್ಲಿ ಪ್ರಾಶಸ್ತ್ಯ. ಬಿಲ್ಲಿನ ಕಾಲದ ಬೇಟೆಯೆಂದರೆ ಬಹುಮಟ್ಟಿಗೆ ಅಂತರವನ್ನು ಕಿರಿದುಗೊಳಿಸುವ ವಿದ್ಯೆಯಾಗಿತ್ತು.

ನಳಿಗೆಯೊಳಗೆ ತಿರುಪು ಗೆರೆ ಕೊರೆದ ರೈಫಲ್ಲು 19ನೆಯ ಶತಮಾನದಲ್ಲಿ ಈ ವಿದ್ಯೆಯ ಅಗತ್ಯವನ್ನು ತಗ್ಗಿಸಿತು. 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಚರ್ಮದ ವ್ಯಾಪಾರಕ್ಕಾಗಿ ಕಾಡೆಮ್ಮೆಗಳನ್ನು, ಅಂದರೆ ಬೈಸನ್ನುಗಳನ್ನು ಕೊಂದವರು ಭಾರಿ ಶಾರ್ಪ್ಸ್ ರೈಫಲ್ಲುಗಳನ್ನು ಬಳಸಿದರು. ಇನ್ನೂರು ಮುನ್ನೂರು ಗಜದಾಚೆ ಕೂತು ಒಂದೊಂದಾಗಿ ಹೊಡೆದರೆ ಹಿಂಡಿಗೆ ಅಪಾಯ ಎಲ್ಲಿಂದ ಬರುತ್ತಿದೆಯೆಂದು ತಿಳಿಯುತ್ತಿರಲಿಲ್ಲ, ಅದು ಚದುರುತ್ತಲೂ ಇರಲಿಲ್ಲ. 1874ರಲ್ಲಿ ಟೆಕ್ಸಸ್ಸಿನ ಅಡೋಬಿ ವಾಲ್ಸ್ ಕಾಳಗದಲ್ಲಿ ಬಿಲ್ಲಿ ಡಿಕ್ಸನ್ ಎಂಬ ಬೈಸನ್ ಬೇಟೆಗಾರ 1,538 ಗಜ ದೂರದಿಂದ ಎದುರಾಳಿಯೊಬ್ಬನನ್ನು ಉರುಳಿಸಿದನೆಂಬ ಮಾತು ದಂತಕಥೆಯಾಗಿ ಉಳಿದಿದೆ. ಸುಮಾರು ಅದೇ ಹೊತ್ತಿಗೆ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕ್ರೀಡ್‌ಮೂರ್ ಗುರಿ ಮೈದಾನ ಆರಂಭವಾಗಿ, ಸಾವಿರ ಗಜದ ಸ್ಪರ್ಧೆಗಳು ಜನಪ್ರಿಯವಾದವು.

ಮಾರುಕಟ್ಟೆಗಾಗಿ ನಡೆದ ಈ ಕೊಲ್ಲಾಟಕ್ಕೆ ಪ್ರತಿಕ್ರಿಯೆಯಾಗಿಯೇ ಬೇಟೆಯ ಹೊಸ ನೀತಿ ರೂಪುಗೊಂಡಿತು. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನೆಲ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ‘ಫೇರ್ ಚೇಸ್’ ಎಂಬ ತತ್ತ್ವವನ್ನು ಪ್ರಚುರಪಡಿಸಿತು. ಪ್ರಾಣಿಗೆ ತಪ್ಪಿಸಿಕೊಳ್ಳುವ ನಿಜವಾದ ಅವಕಾಶ ಇರಬೇಕು, ಬೇಟೆಗಾರ ಅನುಚಿತ ಮೇಲುಗೈ ಪಡೆಯಬಾರದು ಎಂಬುದು ಅದರ ತಿರುಳು.

ಗುಂಡಿನ ಹಾರಾಟದ ಲೆಕ್ಕ

ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಗುಂಡು ನೆಲದತ್ತ ಬೀಳತೊಡಗುತ್ತದೆ. ಜಿಂಕೆ ಬೇಟೆಯಲ್ಲಿ ಬಹಳವಾಗಿ ಬಳಕೆಯಲ್ಲಿರುವ .308 ವಿಂಚೆಸ್ಟರ್ ತೋಟಾದ ಗುಂಡು 100 ಮೀಟರನ್ನು ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ಕ್ರಮಿಸುತ್ತದೆ. ಅಷ್ಟರಲ್ಲಿ ನಳಿಗೆಯ ನೇರದಿಂದ ಅದು ಇಳಿಯುವುದು ಸುಮಾರು 7 ಸೆಂಟಿಮೀಟರು. 500 ಮೀಟರು ತಲುಪಲು ಸುಮಾರು ಮುಕ್ಕಾಲು ಸೆಕೆಂಡು ಬೇಕು, ಇಳಿತ ಎರಡೂವರೆ ಮೀಟರು ದಾಟುತ್ತದೆ. ಅಂತರ ಐದು ಪಟ್ಟಾದರೆ ಇಳಿತ ಮೂವತ್ತು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಆದ್ದರಿಂದ ಅಂತರವನ್ನು ಅಂದಾಜಿಸುವಾಗ ಆಗುವ ಸಣ್ಣ ತಪ್ಪೂ ದೂರದಲ್ಲಿ ದೊಡ್ಡದಾಗುತ್ತದೆ.

ಲೇಸರ್ ಅಂತರಮಾಪಕ, ಗುಂಡಿನ ಪಥ ಲೆಕ್ಕ ಹಾಕುವ ಮೊಬೈಲ್ ಆ್ಯಪ್, ಗುರಿ ಹೊಂದಿಸಿಕೊಳ್ಳಲು ತಿರುಗಿಸುವ ಗುಬುಟುಗಳಿರುವ ದುರ್ಬೀನು ಇವು ಇಳಿತದ ಸಮಸ್ಯೆಯನ್ನು ಬಹುಪಾಲು ಬಗೆಹರಿಸಿವೆ. ಗಾಳಿಯದು ಹಾಗಲ್ಲ. ಗಂಟೆಗೆ 16 ಕಿಲೋಮೀಟರು ವೇಗದ ಅಡ್ಡಗಾಳಿ ಅದೇ ಗುಂಡನ್ನು 300 ಮೀಟರಿನಲ್ಲಿ ಸುಮಾರು 20 ಸೆಂಟಿಮೀಟರು, 500 ಮೀಟರಿನಲ್ಲಿ 60 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸುತ್ತದೆ. ಬೇಟೆಗಾರ ನಿಂತಲ್ಲಿ ಬೀಸುವ ಗಾಳಿಯೇ ನಡುವಿನ ಕಣಿವೆಯಲ್ಲಿ, ಎದುರಿನ ಗುಡ್ಡದ ಮೈಯಲ್ಲಿ ಇರಬೇಕೆಂದಿಲ್ಲ. ಕೈಯಲ್ಲಿರುವ ಉಪಕರಣ ಅಳೆಯುವುದು ತನ್ನ ಜಾಗದ ಗಾಳಿಯನ್ನು ಮಾತ್ರ.

ಮೂರನೆಯದು ಚದುರುವಿಕೆ. ಗುರಿಗಾರರು ಬಳಸುವ ಕೋನಮಾನವಾದ ‘ಮಿನಿಟ್’ 100 ಮೀಟರಿನಲ್ಲಿ 2.9 ಸೆಂಟಿಮೀಟರಿಗೆ ಸಮ. ಒಳ್ಳೆಯ ರೈಫಲ್ಲು ಮೇಜಿನ ಮೇಲಿಂದ ಹೊಡೆದಾಗ ಒಂದು ಮಿನಿಟ್ ಅಗಲದೊಳಗೆ ಗುಂಡುಗಳನ್ನು ಕೂಡಿಸಬಹುದು. ಏದುಸಿರು ಬಿಡುತ್ತ ಬಂಡೆಯ ಮೇಲೋ ಊರುಗೋಲಿನ ಮೇಲೋ ಕೋವಿ ಇಟ್ಟವನ ಚದುರುವಿಕೆ ಮೂರು ಮಿನಿಟಾದರೆ 300 ಮೀಟರಿನಲ್ಲಿ ಅದು 26 ಸೆಂಟಿಮೀಟರು. ಜಿಂಕೆಯ ಹೃದಯ ಶ್ವಾಸಕೋಶಗಳಿರುವ ಮರ್ಮಸ್ಥಾನದ ಅಗಲ ಹೆಚ್ಚೆಂದರೆ 20-25 ಸೆಂಟಿಮೀಟರು. ಗಾಳಿಯ ಲೆಕ್ಕ, ಅಂತರದ ಲೆಕ್ಕ ಎಲ್ಲ ಸರಿಯಿದ್ದರೂ ಆತನ ಗುಂಡು ಮರ್ಮದಾಚೆ ಬೀಳಬಹುದು.

ಇವೆಲ್ಲವನ್ನೂ ಅಭ್ಯಾಸದಿಂದ ತಿದ್ದಬಹುದೆಂದು ಒಪ್ಪಿದರೂ ಪ್ರಾಣಿಯ ಚಲನೆ ಉಳಿದೇ ಉಳಿಯುತ್ತದೆ. ಸೆಕೆಂಡಿಗೆ ಒಂದು ಮೀಟರಿನಂತೆ ಮೇಯುತ್ತ ಸರಿಯುವ ಜಿಂಕೆ 500 ಮೀಟರಿನ ಗುಂಡು ಬರುವಷ್ಟರಲ್ಲಿ ಮುಕ್ಕಾಲು ಮೀಟರು ಮುಂದೆ ಹೋಗಿರುತ್ತದೆ. ಎದೆಗೆ ಇಟ್ಟ ಗುರಿ ಹೊಟ್ಟೆಗೋ ತೊಡೆಗೋ ತಗಲುತ್ತದೆ. ಬಿಲ್ಲಿನ ಬೇಟೆಯಲ್ಲಿ ಇದೇ ತೊಡಕು ಹತ್ತಿರದಲ್ಲೇ ಎದುರಾಗುತ್ತದೆ. ಸೆಕೆಂಡಿಗೆ 90 ಮೀಟರು ಹೋಗುವ ಬಾಣಕ್ಕೆ 40 ಮೀಟರು ದಾಟಲು 0.45 ಸೆಕೆಂಡು ಬೇಕು, ಹೆದೆಯ ಸದ್ದು 0.12 ಸೆಕೆಂಡಿನಲ್ಲೇ ಮುಟ್ಟುತ್ತದೆ. ಸದ್ದಿಗೆ ಬೆದರಿದ ಜಿಂಕೆ ನೆಗೆಯಲು ಮೈ ಕುಗ್ಗಿಸಿದರೆ ಬಾಣ ಬೆನ್ನಿನ ಮೇಲೆ ಹಾದುಹೋಗುತ್ತದೆ ಅಥವಾ ಬೆನ್ನಿಗೇ ನಾಟುತ್ತದೆ.

ಗುಂಡು ದೂರ ಹೋದಂತೆ ವೇಗ ಕಳೆದುಕೊಳ್ಳುತ್ತದೆ. ಬೇಟೆಯ ಗುಂಡು ಮೈಯೊಳಗೆ ಹೊಕ್ಕು ಅಣಬೆಯಂತೆ ಅರಳಿದರೆ ಮಾತ್ರ ಬೇಗ ಕೊಲ್ಲುತ್ತದೆ. ವೇಗ ತೀರ ಕುಗ್ಗಿದ್ದರೆ ಅದು ಅರಳದೆ ಕಿರಿದಾದ ತೂತು ಕೊರೆದು ಹೊರಬೀಳುತ್ತದೆ. ಗುರಿ ತಪ್ಪದಿದ್ದರೂ ಸಾವು ತಡವಾಗುತ್ತದೆ.

ಗಾಯಗೊಂಡ ಪ್ರಾಣಿ

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗಳನ್ನು ಎಣಿಸುವುದು ಕಷ್ಟ, ಏಕೆಂದರೆ ಅವು ಬೇಟೆಗಾರನ ಲೆಕ್ಕಕ್ಕೇ ಬರುವುದಿಲ್ಲ. ದೂರದಲ್ಲಿ ಈ ಕಷ್ಟ ಇಮ್ಮಡಿ. ಗುಂಡು ತಗುಲಿದಾಗ ಪ್ರಾಣಿ ಹೇಗೆ ಬೆಚ್ಚಿತು, ಯಾವ ಕಡೆ ಓಡಿತು, ಎಲ್ಲಿ ನಿಂತಿತ್ತು ಎಂಬುದು 600 ಮೀಟರಿನಾಚೆಯಿಂದ ಸ್ಪಷ್ಟವಾಗುವುದಿಲ್ಲ. ಕಣಿವೆ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿರಬಹುದು, ರಕ್ತದ ಜಾಡೂ ಸಿಗದಿರಬಹುದು. ಏನೂ ಕಾಣದೆ ‘ತಪ್ಪಿತು’ ಎಂದುಕೊಂಡು ಹೊರಟುಬಿಡುವ ಪ್ರಲೋಭನೆಯೂ ದೊಡ್ಡದು.

ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಅನುಭವ ಡೆನ್ಮಾರ್ಕಿನದು. ಅಲ್ಲಿ 1990ರ ದಶಕದ ಆರಂಭದಲ್ಲಿ ಜೀವಂತ ಹಿಡಿದ ಗುಲಾಬಿಗಾಲಿನ ಹೆಬ್ಬಾತುಗಳನ್ನು ಎಕ್ಸ್-ರೇಗೆ ಒಳಪಡಿಸಿದಾಗ, ಬೆಳೆದ ಹಕ್ಕಿಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಮೈಯಲ್ಲಿ ಚರೆ ಹೊತ್ತೇ ಬದುಕಿದ್ದವು. ದೂರದಿಂದ ಹೊಡೆದ ಚರೆ ಕೊಲ್ಲುವ ಬಲವಿಲ್ಲದೆ ಮಾಂಸದಲ್ಲಿ ಸಿಕ್ಕಿಕೊಂಡದ್ದು ಇದಕ್ಕೆ ಮುಖ್ಯ ಕಾರಣವೆಂದು ಗುರುತಿಸಲಾಯಿತು. 1997ರಲ್ಲಿ ಸರ್ಕಾರ ಮತ್ತು ಬೇಟೆಗಾರರ ಸಂಘಟನೆ ಸೇರಿ ಯೋಜನೆಯೊಂದನ್ನು ರೂಪಿಸಿ, ಹೆಬ್ಬಾತುಗಳಿಗೆ 25 ಮೀಟರಿನೊಳಗಷ್ಟೇ ಹೊಡೆಯಬೇಕೆಂಬ ಪ್ರಚಾರ ಕೈಗೊಂಡವು. ನಂತರದ ವರ್ಷಗಳ ಎಕ್ಸ್-ರೇ ಪರೀಕ್ಷೆಗಳಲ್ಲಿ ಚರೆ ಹೊತ್ತ ಹಕ್ಕಿಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಅಂತರದ ಮಿತಿಯನ್ನು ಬೇಟೆಗಾರರೇ ಒಪ್ಪಿಕೊಂಡರೆ ಫಲ ಸಿಗುತ್ತದೆ ಎಂಬುದಕ್ಕೆ ಇದು ಅಳೆದು ತೋರಿಸಿದ ಸಾಕ್ಷ್ಯ.

ಗಾಯದ ಬೆಲೆಯನ್ನು ಮನುಷ್ಯರೂ ತೆತ್ತಿದ್ದಾರೆ. ಹುಲಿ ನರಭಕ್ಷಕವಾಗುವುದಕ್ಕೆ ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಗಾಯವೇ ಕಾರಣವೆಂದು ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟವಾದ ತಮ್ಮ ಕುಮಾಊಂ ನರಭಕ್ಷಕಗಳ ಪುಸ್ತಕದಲ್ಲಿ ಅಭಿಪ್ರಾಯಪಟ್ಟರು. 436 ಜನರನ್ನು ಬಲಿ ತೆಗೆದುಕೊಂಡಿತೆನ್ನಲಾದ, 1907ರಲ್ಲಿ ಅವರು ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದಿದ್ದವು. ಥಾಕ್ ಹಳ್ಳಿಯ ನರಭಕ್ಷಕದ ಮೈಯಲ್ಲೂ ಹಳೆಯ ಗುಂಡೇಟುಗಳಿದ್ದವು. ಮುಳ್ಳುಹಂದಿಯ ಮುಳ್ಳುಗಳೂ ಹುಲಿಗಳನ್ನು ಊನಗೊಳಿಸಿದ್ದುಂಟು. ಆದರೆ ಯಾರೋ ಅರೆಮನಸ್ಸಿನಿಂದ ಹೊಡೆದು ಹುಡುಕದೆ ಬಿಟ್ಟ ಈಡು ಎಷ್ಟೋ ಊರುಗಳಿಗೆ ವರ್ಷಗಟ್ಟಲೆ ಭೀತಿ ತಂದಿತೆಂಬುದು ಆ ಕಾಲದ ಶಿಕಾರಿ ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಬೆಂಗಳೂರಿನಲ್ಲಿ ನೆಲೆಸಿ ದಕ್ಷಿಣದ ಕಾಡುಗಳನ್ನು ಕುರಿತು ಬರೆದ ಕೆನೆತ್ ಆ್ಯಂಡರ್ಸನ್ ಕಥನಗಳಲ್ಲೂ ಇದು ಕಾಣುತ್ತದೆ. ಇಬ್ಬರ ಬರವಣಿಗೆಯನ್ನೂ ಕನ್ನಡದ ಓದುಗರಿಗೆ ವ್ಯಾಪಕವಾಗಿ ಪರಿಚಯಿಸಿದವರು ಪೂರ್ಣಚಂದ್ರ ತೇಜಸ್ವಿ.

2015ರಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಹೊರಗೆ ಸೆಸಿಲ್ ಎಂಬ ಸಿಂಹವನ್ನು ಬಾಣದಿಂದ ಗಾಯಗೊಳಿಸಿ, ಹಲವು ಗಂಟೆಗಳ ಬಳಿಕ ಕೊಂದ ಪ್ರಕರಣ ಜಗತ್ತಿನಾದ್ಯಂತ ಆಕ್ರೋಶ ಹುಟ್ಟಿಸಿತು. ಮೋಜಿನ ಬೇಟೆಯನ್ನು ಸಾರ್ವಜನಿಕರು ಅಳೆಯುವಾಗ ಸಾವಿಗಿಂತ ಸಾಯಲು ಹಿಡಿದ ಹೊತ್ತು ಎಷ್ಟು ಮುಖ್ಯವಾಗುತ್ತದೆಂಬುದನ್ನು ಆ ಘಟನೆ ತೋರಿಸಿತು.

ನೀತಿಯ ವಾದಗಳು

ದೂರದ ಈಡನ್ನು ವಿರೋಧಿಸುವವರಲ್ಲಿ ಎರಡು ಬಗೆ. ಮೊದಲನೆಯವರಿಗೆ ಮುಖ್ಯವಾದದ್ದು ನೋವು. ಕೊಲ್ಲುವುದನ್ನು ಒಪ್ಪಿದ ಮೇಲೂ ಬೇಗ ಕೊಲ್ಲುವ ಹೊಣೆ ತಪ್ಪದು. ಖಾತರಿಯಿಲ್ಲದ ಈಡು ಆ ಹೊಣೆಯನ್ನು ಪ್ರಾಣಿಯ ಮೈಮೇಲೆ ಜೂಜಿಗಿಡುತ್ತದೆ ಎನ್ನುತ್ತಾರೆ ಅವರು. 1994ರಲ್ಲಿ ‘ಬಿಯಾಂಡ್ ಫೇರ್ ಚೇಸ್’ ಪುಸ್ತಕ ಬರೆದ ಮೊಂಟಾನಾದ ಜಿಮ್ ಪೊಸೆವಿಟ್ಜ್ ಅಮೆರಿಕದ ಬೇಟೆ ಶಿಕ್ಷಣದಲ್ಲಿ ಈ ವಿಚಾರಕ್ಕೆ ಗಟ್ಟಿ ಸ್ಥಾನ ದೊರಕಿಸಿದರು.

ಎರಡನೆಯವರಿಗೆ ಮುಖ್ಯವಾದದ್ದು ಬೇಟೆಯ ಸ್ವರೂಪ. ಪ್ರಾಣಿಯ ಕಣ್ಣು, ಕಿವಿ, ಮೂಗು ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡಿರುವುದು ಹತ್ತಿರ ಬರುವ ವೈರಿಯನ್ನು ಪತ್ತೆಹಚ್ಚಲು. ಅವು ಕೆಲಸಕ್ಕೆ ಬಾರದಷ್ಟು ದೂರದಿಂದ ಹೊಡೆದರೆ ಅಲ್ಲಿ ಬೇಟೆಯೇ ನಡೆದಿರುವುದಿಲ್ಲ, ನಡೆದದ್ದು ಗುರಿ ಅಭ್ಯಾಸ. ಸ್ಪೇನಿನ ತತ್ತ್ವಜ್ಞಾನಿ ಹೊಸೆ ಒರ್ಟೆಗಾ ಇ ಗಾಸೆಟ್ 1940ರ ದಶಕದಲ್ಲಿ ಬೇಟೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಮನುಷ್ಯ ತನ್ನ ತಾಂತ್ರಿಕ ಮೇಲುಗೈಯನ್ನು ತಾನೇ ಮಿತಗೊಳಿಸಿಕೊಳ್ಳುವುದರಿಂದ ಬೇಟೆ ಉಳಿದಿದೆ ಎಂಬ ವಾದ ಮಂಡಿಸಿದ. 1949ರಲ್ಲಿ ಪ್ರಕಟವಾದ ಆಲ್ಡೊ ಲಿಯೊಪೋಲ್ಡರ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಕೃತಿಯಲ್ಲಿ ಸಲಕರಣೆಗಳ ಸುರಿಮಳೆ ಬೇಟೆಗಾರನ ಕೌಶಲವನ್ನು ನುಂಗುತ್ತಿರುವ ಬಗ್ಗೆ ಎಚ್ಚರಿಕೆಯಿದೆ. ನೋಡುವವರಿಲ್ಲದ ಕಡೆ ನಡೆಯುವ ಬೇಟೆಗೆ ಬೇಟೆಗಾರನ ಮನಸ್ಸಾಕ್ಷಿಯೇ ತೀರ್ಪುಗಾರ ಎಂಬ ಮಾತೂ ಇದೆ. ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ದೂರದ ಈಡನ್ನು ಕುರಿತ ತನ್ನ ನಿಲುವಿನಲ್ಲಿ ಮೀಟರುಗಳ ಮಿತಿ ಹೇಳದೆ ಉದ್ದೇಶವನ್ನು ಒರೆಗಲ್ಲಾಗಿಸಿದೆ: ಉಪಕರಣವನ್ನು ಪರೀಕ್ಷಿಸಲು, ಎಷ್ಟು ದೂರ ಹೊಡೆಯಬಲ್ಲೆ ಎಂದು ತಿಳಿಯಲು ಜೀವಂತ ಪ್ರಾಣಿಯನ್ನು ಬಳಸುವುದಕ್ಕೆ ಬೇಟೆಯ ಮಾನ್ಯತೆ ಸಲ್ಲದು.

ಸಮರ್ಥಕರ ವಾದವೂ ಬಲವಾದದ್ದೇ. ವರ್ಷಕ್ಕೆ ಸಾವಿರಾರು ಗುಂಡು ಹಾರಿಸಿ ಪಳಗಿದವನ 500 ಮೀಟರಿನ ಈಡು, ವರ್ಷಕ್ಕೊಮ್ಮೆ ಕೋವಿ ಮುಟ್ಟುವವನ 150 ಮೀಟರಿನ ಈಡಿಗಿಂತ ಖಚಿತವಾಗಿರಬಹುದು. ದೂರದ ಪ್ರಾಣಿಗೆ ಮನುಷ್ಯನ ಸುಳಿವಿರುವುದಿಲ್ಲ; ನಿಶ್ಚಲವಾಗಿ ನಿಂತ, ಗಾಬರಿಯಿಲ್ಲದ ಪ್ರಾಣಿಗೆ ಹೊಡೆಯುವುದು ಬೆದರಿ ಓಡುವ ಪ್ರಾಣಿಗೆ ಹತ್ತಿರದಿಂದ ಹೊಡೆಯುವುದಕ್ಕಿಂತ ಮೇಲು. ಸೋವಿನ ಬೇಟೆಯನ್ನೂ ಬಿಲ್ಲಿನ ಬೇಟೆಯನ್ನೂ ಸಂಪ್ರದಾಯವೆಂದು ಒಪ್ಪುವ ಸಮಾಜ ದೂರದ ಈಡನ್ನು ಮಾತ್ರ ಖಂಡಿಸುವುದು ಪಕ್ಷಪಾತ ಎಂಬುದು ಅವರ ತಕರಾರು. ಇದಕ್ಕೆ ವಿರೋಧಿಗಳ ಉತ್ತರ: ಪಳಗಿದವನಿಗೂ ಗುಂಡಿನ ಹಾರಾಟದ ಹೊತ್ತಿನ ಮೇಲೆ, ಪ್ರಾಣಿ ಇಡುವ ಮುಂದಿನ ಹೆಜ್ಜೆಯ ಮೇಲೆ ಹಿಡಿತವಿಲ್ಲ, ಮೊದಲ ಗುಂಡು ಗಾಯ ಮಾಡಿದರೆ ಎರಡನೆಯ ಗುಂಡಿಗೆ ಹತ್ತಿರದಲ್ಲಿ ಸಿಗುವ ಅವಕಾಶ ದೂರದಲ್ಲಿ ಸಿಗುವುದಿಲ್ಲ.

ಪ್ರಾಣಿಹಕ್ಕಿನ ಚಿಂತಕರಿಗೆ ಈ ವಾಗ್ವಾದ ಅರ್ಧದಿಂದ ಆರಂಭವಾದಂತೆ ಕಾಣುತ್ತದೆ. ‘ದ ಕೇಸ್ ಫಾರ್ ಆ್ಯನಿಮಲ್ ರೈಟ್ಸ್’ (1983) ಬರೆದ ಟಾಮ್ ರೇಗನ್ ಪ್ರಕಾರ ಮೋಜಿಗಾಗಿ ಮಾಡುವ ಬೇಟೆ ಯಾವ ಅಂತರದಲ್ಲೂ ತಪ್ಪು. ನೋವಿನ ಪ್ರಮಾಣವನ್ನು ತೂಗುವ ಪೀಟರ್ ಸಿಂಗರ್ ಮಾದರಿಯ ಚಿಂತನೆಯಲ್ಲಾದರೋ ಗಾಯ ಮಾಡುವ ಸಂಭವ ಹೆಚ್ಚಿರುವ ಈಡು ಕಡಿಮೆಯಿರುವುದಕ್ಕಿಂತ ಹೆಚ್ಚು ದೋಷಪೂರ್ಣ.

ಕಾನೂನಿನ ದಾರಿಗಳು

ಅಂತರವನ್ನು ನೇರವಾಗಿ ನಿಷೇಧಿಸಿದರೆ ಸಾಬೀತುಪಡಿಸುವುದು ಕಷ್ಟ. ಕಾಡಿನ ನಡುವೆ ಹೊಡೆದದ್ದು 290 ಮೀಟರೋ 310 ಮೀಟರೋ ಎಂದು ಅಳೆದವರಾರು? ಹೀಗಾಗಿ ಕಾನೂನುಗಳು ಅಳೆಯಬಹುದಾದ ಬೇರೆ ವಿಷಯಗಳನ್ನು ಹಿಡಿದಿವೆ.

ಮೊದಲನೆಯದು ಆಯುಧ ಮತ್ತು ತೋಟಾ. ಜರ್ಮನಿಯ ಒಕ್ಕೂಟ ಬೇಟೆ ಕಾಯಿದೆ ಗುಂಡಿನ ಶಕ್ತಿಯನ್ನು ನಳಿಗೆಯ ತುದಿಯಲ್ಲಿ ಅಳೆಯದೆ 100 ಮೀಟರಿನಾಚೆ ಅಳೆಯುತ್ತದೆ: ಚಿಕ್ಕ ರೋ ಜಿಂಕೆಗೆ ಕನಿಷ್ಠ 1,000 ಜೂಲ್, ಉಳಿದ ಗೊರಸಿನ ಪ್ರಾಣಿಗಳಿಗೆ 6.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಗುಂಡು ಮತ್ತು 2,000 ಜೂಲ್. ಇಂಗ್ಲೆಂಡ್ ಮತ್ತು ವೇಲ್ಸಿನ 1991ರ ಜಿಂಕೆ ಕಾಯಿದೆ ದೊಡ್ಡ ಜಿಂಕೆಗಳಿಗೆ 0.240 ಅಂಗುಲದ ನಳಿಗೆ, 1,700 ಅಡಿ-ಪೌಂಡು ಶಕ್ತಿ ಮತ್ತು ಅರಳುವ ಗುಂಡನ್ನು ಕಡ್ಡಾಯ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಗ್ರಾಬ್ಯುಂಡೆನ್ ಪ್ರಾಂತ್ಯದಲ್ಲಿ ಕನಿಷ್ಠ 10.2 ಮಿಲಿಮೀಟರಿನ ದಪ್ಪ ಗುಂಡನ್ನು ಬಳಸಬೇಕೆಂಬ ಹಳೆಯ ನಿಯಮವಿದೆ. ಭಾರವಾದ, ನಿಧಾನವಾಗಿ ಸಾಗುವ ಆ ಗುಂಡಿನ ಪಥ ಬೇಗ ಬಾಗುವುದರಿಂದ ಬೇಟೆಗಾರ ತಾನಾಗಿಯೇ ಹತ್ತಿರ ಹೋಗಬೇಕಾಗುತ್ತದೆ. ಅಮೆರಿಕದ ಐಡಾಹೊ ರಾಜ್ಯ ದೊಡ್ಡ ಪ್ರಾಣಿಗಳ ಬೇಟೆಯಲ್ಲಿ ಎಲ್ಲ ಜೋಡಣೆಗಳೂ ಸೇರಿ 16 ಪೌಂಡು, ಅಂದರೆ ಸುಮಾರು ಏಳೂಕಾಲು ಕಿಲೋ ಮೀರಿದ ಕೋವಿಯನ್ನು ಒಪ್ಪುವುದಿಲ್ಲ, ಕೋವಿಗೆ ಅಂಟಿಸುವ ಇಲೆಕ್ಟ್ರಾನಿಕ್ ಸಾಧನಗಳಿಗೂ ಕಡಿವಾಣ ಹಾಕಿದೆ. ದೂರದ ಈಡಿಗಾಗಿ ಕಟ್ಟಿದ ಕೋವಿಗಳು ಸಾಮಾನ್ಯವಾಗಿ ಭಾರವಾಗಿರುವುದರಿಂದ ತೂಕದ ಮಿತಿ ಪರೋಕ್ಷವಾಗಿ ಅಂತರಕ್ಕೂ ಅಂಕುಶ.

ಎರಡನೆಯದು ಬೇಟೆಗಾರನ ಪರೀಕ್ಷೆ. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿವರ್ಷ ಅಭ್ಯಾಸದ ಗುಂಡು ಹಾರಿಸಿ, 100 ಮೀಟರಿನ ಗುರಿಯಲ್ಲಿ ಐದಕ್ಕೆ ಐದನ್ನೂ ಕೂರಿಸಬೇಕು. ಫಿನ್ಲೆಂಡಿನಲ್ಲಿ ಮೂಸ್ ಬೇಟೆಗೆ 75 ಮೀಟರಿನಿಂದ 23 ಸೆಂಟಿಮೀಟರು ವೃತ್ತದೊಳಗೆ ನಾಲ್ಕು ಗುಂಡು ಹೊಡೆದು ತೋರಿಸಬೇಕು. ಪರೀಕ್ಷೆಯ ಅಂತರಗಳೇ ಆ ಸಮಾಜಗಳು ಯಾವುದನ್ನು ಸಹಜ ಅಂತರವೆಂದು ಭಾವಿಸಿವೆ ಎಂಬುದನ್ನು ಹೇಳುತ್ತವೆ.

ಮೂರನೆಯದು ಈಡಿನ ನಂತರದ ಹೊಣೆ. ಗಾಯಗೊಂಡ ಪ್ರಾಣಿಯನ್ನು ತಡಮಾಡದೆ ಸಂಕಟದಿಂದ ಬಿಡಿಸಬೇಕೆಂದು ಜರ್ಮನ್ ಕಾಯಿದೆ ವಿಧಿಸುತ್ತದೆ. ‘ವೈಡ್‌ಗೆರೆಖ್ಟಿಗ್‌ಕೈಟ್’ ಎಂದು ಕರೆಯಲಾಗುವ ಬೇಟೆಯ ಸದಾಚಾರಕ್ಕೂ ಅದು ಕಾನೂನಿನ ಮಾನ್ಯತೆ ನೀಡಿದೆ. ಸ್ವೀಡನ್ನಿನಲ್ಲಿ ಮೂಸ್, ಜಿಂಕೆ ಮುಂತಾದವುಗಳ ಬೇಟೆಗೆ ಹೋಗುವವರು, ಗುಂಡು ಹಾರಿಸಿದ ಎರಡು ಗಂಟೆಯೊಳಗೆ ಆ ಜಾಗಕ್ಕೆ ತಲುಪಬಲ್ಲ ಜಾಡುನಾಯಿಯ ಏರ್ಪಾಡು ಮಾಡಿಕೊಂಡಿರಬೇಕು. ಆಸ್ಟ್ರೇಲಿಯಾದ ಕಾಂಗರೂ ಸಂಹಿತೆಯಂತೆ ವಾಣಿಜ್ಯ ಬೇಟೆಗಾರರು ತಲೆಗೇ ಗುರಿಯಿಡಬೇಕು, ಗಾಯಗೊಂಡದ್ದನ್ನು ಕೊಂದ ಮೇಲಷ್ಟೇ ಇನ್ನೊಂದರ ಕಡೆ ತಿರುಗಬೇಕು. ಅಲಾಸ್ಕದ ಕೆಲವು ವಿಭಾಗಗಳಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಕರಡಿಯೂ ಬೇಟೆಗಾರನ ಪಾಲಿನ ಲೆಕ್ಕಕ್ಕೆ ಸೇರುತ್ತದೆ. ಆಫ್ರಿಕದ ಅನೇಕ ಬೇಟೆ ಒಪ್ಪಂದಗಳಲ್ಲಿ ರಕ್ತ ಬಿದ್ದರೆ ಸಾಕು, ಪ್ರಾಣಿ ಸಿಗದಿದ್ದರೂ ಪೂರ್ತಿ ಶುಲ್ಕ ಕಟ್ಟಬೇಕು. ದೂರದಿಂದ ಹೊಡೆಯುವ ಆಸೆಗೆ ಇಂಥ ನಿಯಮಗಳಷ್ಟು ನೇರವಾಗಿ ಬೆಲೆ ಕಟ್ಟುವುದು ಬೇರಿಲ್ಲ.

ಗುರಿಯ ಆಚೆ

ರೈಫಲ್ ಗುಂಡು ಗುರಿ ತಪ್ಪಿದರೆ ಹಲವು ಕಿಲೋಮೀಟರು ಹಾರಬಲ್ಲದು, ಸಣ್ಣ .22 ಗುಂಡು ಕೂಡ ಎರಡು ಕಿಲೋಮೀಟರಿನಷ್ಟು ದೂರ ಅಪಾಯಕಾರಿ. ಆದ್ದರಿಂದ ಗುರಿಯನ್ನೂ ಅದರ ಹಿಂದೇನಿದೆ ಎಂಬುದನ್ನೂ ಖಚಿತಪಡಿಸಿಕೊಳ್ಳುವುದು ಎಲ್ಲ ದೇಶಗಳ ಬೇಟೆ ಶಿಕ್ಷಣದ ಮೂಲಪಾಠ. ನ್ಯೂಜಿಲೆಂಡಿನ ಆಯುಧ ಸಂಹಿತೆ ಗುರಿಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಗುರುತಿಸಬೇಕೆಂದು ಹೇಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ವಾಸದ ಮನೆಯಿಂದ 150 ಗಜದೊಳಗೆ ಅನುಮತಿಯಿಲ್ಲದೆ ಕೋವಿ ಬೇಟೆ ಕೂಡದು. ಜನವಸತಿ ದಟ್ಟವಾಗಿರುವ, ನೆಲ ಸಮತಟ್ಟಾಗಿರುವ ಅಮೆರಿಕದ ಮಧ್ಯರಾಜ್ಯಗಳ ಹಲವೆಡೆ ಜಿಂಕೆ ಬೇಟೆಗೆ ದೂರ ಹೋಗುವ ರೈಫಲ್ಲುಗಳನ್ನು ಬಿಟ್ಟು, ಬೇಗ ಬಲ ಕಳೆದುಕೊಳ್ಳುವ ತೋಟಾ ಕೋವಿಗಳನ್ನೇ ಬಳಸಬೇಕೆಂಬ ನಿಯಮ ಬಹುಕಾಲ ಇತ್ತು.

1988ರಲ್ಲಿ ಮೇನ್ ರಾಜ್ಯದ ಹರ್ಮನ್ ಪಟ್ಟಣದಲ್ಲಿ ಬಿಳಿ ಕೈಗವಸು ತೊಟ್ಟು ಮನೆಯ ಹಿತ್ತಲಲ್ಲಿದ್ದ ಮಹಿಳೆಯೊಬ್ಬರು ಜಿಂಕೆ ಬೇಟೆಗಾರನ ಗುಂಡಿಗೆ ಬಲಿಯಾದರು. ಆತ ನ್ಯಾಯಾಲಯದಲ್ಲಿ ಖುಲಾಸೆಯಾದ. ಈ ತೀರ್ಪಿನ ಬಗೆಗೆದ್ದ ಚರ್ಚೆಯ ಫಲವಾಗಿ, ಗುಂಡು ಹಾರಿಸುವ ಮುನ್ನ ಗುರಿಯನ್ನು ಗುರುತಿಸುವ ಕರ್ತವ್ಯವನ್ನು ಬಿಡಿಸಿ ಹೇಳುವ ಕಾನೂನನ್ನು ಆ ರಾಜ್ಯ 1991ರಲ್ಲಿ ತಂದಿತು. ದೂರ ಹೆಚ್ಚಿದಂತೆ ಈ ಕರ್ತವ್ಯ ನೆರವೇರಿಸುವುದು ಕಷ್ಟವಾಗುತ್ತದೆ: ದುರ್ಬೀನಿನ ಕಿರಿದಾದ ನೋಟದಲ್ಲಿ ಪ್ರಾಣಿ ದೊಡ್ಡದಾಗಿ ಕಂಡರೂ ಅದರ ಅಕ್ಕಪಕ್ಕ, ಹಿಂದಿನ ಇಳಿಜಾರು ಕಾಣುವುದಿಲ್ಲ.

ಭಾರತ ಮತ್ತು ಕರ್ನಾಟಕ

ವಸಾಹತು ಕಾಲದಲ್ಲಿ ಶಿಕಾರಿ ಪರವಾನಗಿಯ ವಿಷಯವಾಗಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಶಾಸನ ಮಾಡಿತ್ತು. 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಬಂದ ಮೇಲೆ ಅನುಸೂಚಿತ ಪ್ರಾಣಿಗಳ ಬೇಟೆ ಅಪರಾಧವಾಯಿತು. ಈ ಕಾಯಿದೆಯಲ್ಲಿ ಬೇಟೆಯ ವ್ಯಾಖ್ಯೆ ವಿಶಾಲವಾದದ್ದು: ಕೊಲ್ಲುವುದರ ಜೊತೆಗೆ ಗಾಯಗೊಳಿಸುವುದು, ಅಟ್ಟುವುದು, ಇವುಗಳಿಗೆ ಮಾಡುವ ಪ್ರಯತ್ನ ಎಲ್ಲವೂ ಬೇಟೆಯೇ. ಎಂದರೆ ಗುರಿ ತಪ್ಪಿದ ಈಡೂ ಕಾನೂನಿನ ಕಣ್ಣಲ್ಲಿ ಪೂರ್ತಿ ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಒಂದನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷಗಳ ಸೆರೆ ಮತ್ತು ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

ಹೀಗಿರುವಾಗ ಈಡಿನ ನೀತಿ ಇಲ್ಲಿ ಪ್ರಸ್ತುತವಾಗುವುದು ಸರ್ಕಾರದ ಅನುಮತಿಯಿಂದ ಹೊಡೆಯುವವರಿಗೆ. ಕಾಯಿದೆಯ 11ನೆಯ ಪ್ರಕರಣದಂತೆ ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಅಥವಾ ಗುಣವಾಗದಷ್ಟು ಊನಗೊಂಡ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಕಾರಣಗಳನ್ನು ಬರೆದು ಆದೇಶಿಸಬಹುದು; ಬೆಳೆಹಾನಿ ಮಾಡುವ ಕೆಲವು ಪ್ರಾಣಿಗಳಿಗೂ ಅವಕಾಶವಿದೆ. 2018ರ ನವೆಂಬರಿನಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಅವನಿ ಎಂದು ಹೆಸರಾದ ಹೆಣ್ಣುಹುಲಿಯನ್ನು ಕೊಂದಾಗ, ಕೊಂದದ್ದು ಸರಿಯೇ ಎಂಬುದರ ಜೊತೆಗೆ ಕೊಂದ ವಿಧಾನ ಸರಿಯಿತ್ತೇ ಎಂಬುದೂ ವಿವಾದವಾಯಿತು. ಕೇರಳ 2022ರಲ್ಲಿ ಕಾಡುಹಂದಿಗಳನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟ ಮೇಲೆ ಪರವಾನಗಿ ಹೊಂದಿದ ಹಳ್ಳಿಯ ಕೋವಿಗಾರರ ಕೌಶಲವೂ ಸಾರ್ವಜನಿಕ ಪ್ರಶ್ನೆಯಾಗಿದೆ. ಅರಿವಳಿಕೆ ಚುಚ್ಚುಮದ್ದಿನ ಕೋವಿಯಲ್ಲಿ ಸಮಸ್ಯೆ ತಿರುಗುಮುರುಗು. ಅದರ ಪರಿಣಾಮಕಾರಿ ಅಂತರ ಕೆಲವು ಹತ್ತು ಮೀಟರು ಮಾತ್ರ. ಔಷಧ ಏರಲು ನಿಮಿಷಗಳು ಬೇಕು. ಹಾಗಾಗಿ ಅಪಾಯ ಹೊಡೆಯುವವನದಾಗುತ್ತದೆ. 2023ರ ಆಗಸ್ಟಿನಲ್ಲಿ ಹಾಸನ ಜಿಲ್ಲೆಯ ಆಲೂರು ಬಳಿ, ಗಾಯಗೊಂಡಿದ್ದ ಆನೆಗೆ ಚಿಕಿತ್ಸೆಗಾಗಿ ಅರಿವಳಿಕೆ ಹೊಡೆದ ಅನುಭವಿ ಗುರಿಗಾರರೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು.

ಮಲೆನಾಡು ಮತ್ತು ಕೊಡಗಿನಲ್ಲಿ ರಾತ್ರಿಯ ಅಕ್ರಮ ಶಿಕಾರಿಯ ವೇಳೆ ಕಾಡುಹಂದಿಯೆಂದು ಭಾವಿಸಿ ಜೊತೆಯವರಿಗೋ ತೋಟದ ಕಾರ್ಮಿಕರಿಗೋ ಗುಂಡು ಹೊಡೆದ ಸುದ್ದಿಗಳು ಆಗಾಗ ಬರುತ್ತಿರುತ್ತವೆ. ಇಂಥ ಪ್ರಕರಣಗಳಲ್ಲಿ ವನ್ಯಜೀವಿ ಮತ್ತು ಆಯುಧ ಕಾಯಿದೆಗಳ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಅಡಿ ನಿರ್ಲಕ್ಷ್ಯದಿಂದ ಸಾವು ತಂದ ಆರೋಪವೂ ಬರಬಹುದು. ಹಿಂದಿನ ದಂಡ ಸಂಹಿತೆಯಲ್ಲಿ ಎರಡು ವರ್ಷವಿದ್ದ ಗರಿಷ್ಠ ಸೆರೆ ಈಗ ಐದು ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ, ಬೇಟೆಯ ನಿಷೇಧದಿಂದ ಇಲ್ಲ. ಒಂದು ಕಾಲಕ್ಕೆ ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಯ ಬೆನ್ನಿಗೇ ಬೇಟೆಗೆ ಹೊರಡುವ ವಾಡಿಕೆಯಿತ್ತು. ಇಂದು ಆ ಉತ್ಸಾಹ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ವ್ಯಕ್ತವಾಗುತ್ತದೆ. ಗುರಿಗಾರಿಕೆಯ ಹೆಮ್ಮೆಗೆ ಜೀವಂತ ಪ್ರಾಣಿ ಬೇಕಿಲ್ಲ ಎಂಬುದನ್ನು ಈ ಮಾರ್ಪಾಡು ಕಾರ್ಯತಃ ತೋರಿಸಿಕೊಟ್ಟಿದೆ.

ತಂತ್ರಜ್ಞಾನ ಮತ್ತು ಮುಂದಿನ ಚರ್ಚೆ

2005ರಲ್ಲಿ ಟೆಕ್ಸಸ್ಸಿನಲ್ಲಿ ಮನೆಯಲ್ಲೇ ಕೂತು ಅಂತರ್ಜಾಲದ ಮೂಲಕ ಕೋವಿ ಚಲಾಯಿಸಿ ಆವರಣದೊಳಗಿನ ಪ್ರಾಣಿಯನ್ನು ಕೊಲ್ಲುವ ಸೇವೆ ಆರಂಭವಾದಾಗ, ಬೇಟೆಗಾರರೂ ಪ್ರಾಣಿದಯಾ ಸಂಘಗಳೂ ಒಟ್ಟಾಗಿ ವಿರೋಧಿಸಿದರು. ಹಲವಾರು ರಾಜ್ಯಗಳು ಅದನ್ನು ನಿಷೇಧಿಸಿದವು. ಅಲ್ಲಿ ಗುರಿ ತಪ್ಪುವ ಭಯಕ್ಕಿಂತ ಮನುಷ್ಯನ ಗೈರುಹಾಜರಿಯೇ ಆಕ್ಷೇಪಕ್ಕೆ ಕಾರಣವಾಗಿತ್ತು. 2013ರ ಸುಮಾರಿಗೆ ಟ್ರ್ಯಾಕಿಂಗ್‌ಪಾಯಿಂಟ್ ಎಂಬ ಅಮೆರಿಕನ್ ಸಂಸ್ಥೆ ಗುರಿಗೆ ಗುರುತು ಹಾಕಿ, ಲೆಕ್ಕ ಮಾಡಿ, ಸರಿಯಾದ ಕ್ಷಣದಲ್ಲಿ ತಾನೇ ಗುಂಡು ಬಿಡುವ ಗಣಕ ಜೋಡಿಸಿದ ರೈಫಲ್ಲನ್ನು ಮಾರುಕಟ್ಟೆಗೆ ತಂದಿತು. 2014ರಲ್ಲಿ ಅಲಾಸ್ಕ, ಕೊಲೊರಾಡೊ, ಮೊಂಟಾನಾ ರಾಜ್ಯಗಳು ಬೇಟೆಗೆ ಡ್ರೋನ್ ಬಳಸುವುದನ್ನು ತಡೆದವು.

ಇಂಥ ಪ್ರತಿ ಹೊಸ ಸಾಧನವೂ ತಗಲುವ ಅಂತರವನ್ನು ಹಿಗ್ಗಿಸುತ್ತದೆ. ಗಾಳಿಯ ಚಂಚಲತೆ, ಹಾರಾಟದ ಹೊತ್ತು, ಪ್ರಾಣಿಯ ಮುಂದಿನ ಹೆಜ್ಜೆ ಮಾತ್ರ ಇದ್ದಂತೆಯೇ ಇವೆ. ಉಪಕರಣಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋಗುವ ಕಾನೂನು ಸದಾ ತಂತ್ರಜ್ಞಾನದ ಹಿಂದೆ ಬೀಳುತ್ತದೆ ಎಂಬ ಟೀಕೆಯಿರುವುದು ಇದರಿಂದಲೇ. ಅದಕ್ಕೆ ಪರ್ಯಾಯವಾಗಿ ಕೌಶಲ ಪರೀಕ್ಷೆ, ಜಾಡುನಾಯಿಯ ಕಡ್ಡಾಯ, ಗಾಯಗೊಂಡ ಪ್ರಾಣಿಯನ್ನೂ ಲೆಕ್ಕಕ್ಕೆ ಸೇರಿಸುವ ಪದ್ಧತಿ ಇವು ಹೊಡೆದವನನ್ನೇ ಪರಿಣಾಮಕ್ಕೆ ಹೊಣೆಗಾರನನ್ನಾಗಿಸುತ್ತವೆ. ಇವುಗಳಿಗೆ ಡೆನ್ಮಾರ್ಕ್ ಮಾದರಿಯಲ್ಲಿ ಬದುಕಿ ಉಳಿದ ಪ್ರಾಣಿಗಳನ್ನೇ ಪರೀಕ್ಷಿಸಿ ಗಾಯದ ಪ್ರಮಾಣವನ್ನು ಅಳೆಯುವ ಕ್ರಮವೂ ಸೇರಿದರೆ, ಯಾವ ಆಯುಧಕ್ಕೆ ಯಾವ ಅಂತರ ಎಂಬ ಪ್ರಶ್ನೆಯನ್ನು ಬೇಟೆಗಾರರ ಸ್ವಪ್ರಶಂಸೆಗೆ ಬಿಡದೆ ಪುರಾವೆಯ ಮೇಲೆ ತೀರ್ಮಾನಿಸಬಹುದು.